ಗಾಡಿಯ ಹೊರಗೆ ಕನ್ನಡ, ಒಳಗೆ ಇಂಗ್ಲಿಷು!



ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇ. 60 ಇರಲೇಬೇಕು ಎಂದು 2024ರಲ್ಲಿ ಕಾನೂನು ಬಂತು. ಅದಕ್ಕಾಗಿ ಬೀದಿಗಿಳಿದವರಲ್ಲಿ ನೀವೂ ಇದ್ದಿರಿ. ಸಂತೋಷ. ಆದರೆ ತಲೆಯೆತ್ತಿ ಬೋರ್ಡು ನೋಡುವ ನಾವು, ದಿನಾ ಬೆಳಿಗ್ಗೆ ಮನೆ ಬಾಗಿಲಿಗೆ ಬರುವ ಕಸದ ಗಾಡಿಯೊಳಗೆ ಎಂದಾದರೂ ಇಣುಕಿದ್ದೇವೆಯೇ?

ನಾನು ಇಣುಕಿದೆ. ನಮ್ಮ ಪ್ರೆಸ್ಸಿನ ಪಕ್ಕದ ಟೀ ಅಂಗಡಿ ಮುಂದೆ ಆಟೋ ಟಿಪ್ಪರ್ ನಿಲ್ಲಿಸಿದ ಡ್ರೈವರ್ ಒಬ್ಬ, ಗಾಡಿಗೆಂದು ಕೊಟ್ಟಿದ್ದ ಮೊಬೈಲ್ ಚಾಚಿ, "ಅಣ್ಣಾ, ಇದ್ರಲ್ಲಿ ಏನ್ ಬರ್ದವ್ರೆ, ವಸಿ ಓದೇಳಿ" ಎಂದ. 'ರೂಟ್ ಡೀವಿಯೇಷನ್' ಎಂದಿತ್ತು. ಗೊತ್ತುಮಾಡಿದ ದಾರಿ ಬಿಟ್ಟು ಹೋಗಿದ್ದೀಯ ಎಂಬ ಆರೋಪ. ಹೋದದ್ದು ನಿಜ. ಪೈಪಿಗೆಂದು ರಸ್ತೆ ಅಗೆದಿದ್ದರು; ಸುತ್ತಿಕೊಂಡು ಹೋಗಿ ಕಸ ಎತ್ತಿದ್ದ. ಆದರೆ ಅದನ್ನು ಯಂತ್ರಕ್ಕೆ ಹೇಳುವುದು ಹೇಗೆ? ಕಾರಣ ತಿಳಿಸುವ ಬಟನ್ನುಗಳೂ ಇಂಗ್ಲಿಷಿನಲ್ಲೇ. ಆತ ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಸುಮ್ಮನಿದ್ದ. ಗುತ್ತಿಗೆದಾರ ಒಂದು ದಿನದ ಕೂಲಿ ಹಿಡಿದ.

ಅದೇ ಗಾಡಿಯ ಸ್ಪೀಕರು ಮಾತ್ರ "ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ" ಎಂದು ಬೀದಿಯುದ್ದಕ್ಕೂ ಕನ್ನಡದಲ್ಲೇ ಕೂಗುತ್ತಿತ್ತು! ನಮಗೆ ಬುದ್ಧಿ ಹೇಳಲು ಕನ್ನಡ ಬೇಕು. ಡ್ರೈವರ್ ತನ್ನ ನ್ಯಾಯ ಹೇಳಿಕೊಳ್ಳಲು ಮಾತ್ರ ಬೇಡ.

ನಾನು ಯಂತ್ರದ ವಿರೋಧಿಯಲ್ಲ. ಯಂತ್ರದಿಂದಲೇ ಅನ್ನ ತಿನ್ನುವವನು. ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಕಸದ ಲಾರಿಯ ಡ್ರೈವರ್ ಮುಂದೆ ಒಂದು ಪರದೆ ಇರುತ್ತದೆ. ಯಾವ ಬೀದಿ ಮುಗಿಯಿತು, ಯಾರು ಡಬ್ಬ ಹೊರಗಿಟ್ಟಿಲ್ಲ, ಯಾರು ಮರುಬಳಕೆಯ ಡಬ್ಬಕ್ಕೆ ಎಂಜಲು ಸುರಿದಿದ್ದಾರೆ, ಯಾವ ಮನೆಯ ವಯಸ್ಸಾದವರ ಡಬ್ಬವನ್ನು ತಾವೇ ಹೋಗಿ ತರಬೇಕು, ಎಲ್ಲ ಅದರಲ್ಲಿ. ಬಟನ್ ಒತ್ತಿದರೆ ಕಚೇರಿಗೆ ಗೊತ್ತಾಗುತ್ತದೆ. "ಗಾಡಿ ಬರಲೇ ಇಲ್ಲ" ಎಂದು ಯಾರಾದರೂ ದೂರಿದರೆ, "ಬಂದಿತ್ತು, ನೀವೇ ಡಬ್ಬ ಇಟ್ಟಿರಲಿಲ್ಲ" ಎಂದು ಹೇಳಲು ಆಧಾರ ಇರುತ್ತದೆ. ಕೆಲಸಗಾರ ಓದಬಲ್ಲ ಯಂತ್ರ ಅವನ ಸಾಕ್ಷಿ. ಓದಲಾಗದ ಯಂತ್ರ ಅವನ ಬೆನ್ನಿಗೆ ಬಿಟ್ಟ ಪತ್ತೇದಾರ.

ಇದು ಒಬ್ಬ ಡ್ರೈವರನ ಕೂಲಿಯ ಪ್ರಶ್ನೆ ಮಾತ್ರವಲ್ಲ. 2016ರ ಕಸ ವಿಲೇವಾರಿ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸಲು ಹೇಳಿದವು. ಬೆರೆಸಿದರೆ ಏನಾಗುತ್ತದೆ? ಮಂಡೂರಿನವರನ್ನು ಕೇಳಿ. ಬೆಂಗಳೂರಿನ ಕಸದ ಗುಡ್ಡದ ನಾತದಲ್ಲಿ ವರ್ಷಗಟ್ಟಲೆ ಬೆಂದು 2014ರಲ್ಲಿ ಅವರು ತಿರುಗಿಬಿದ್ದರು. ಯಾವ ಮನೆ ಕಸ ಬೆರೆಸುತ್ತಿದೆ ಎಂದು ಮೊದಲು ಕಾಣುವವರು ಡ್ರೈವರು ಮತ್ತು ಪೌರಕಾರ್ಮಿಕರು. ಅವರ ಬಾಯಿ ಕಟ್ಟಿದ ಯಂತ್ರದಿಂದ ಊರು ಶುದ್ಧವಾದೀತೆ?

"ಇದ್ರಲ್ಲಿ ಕನ್ನಡ ಬರಲ್ಲ ಸಾರ್" ಎನ್ನುತ್ತಾರೆ. ಈ ಹಾಡು ಹಳೆಯದು. ನಮ್ಮಪ್ಪ ಸೀಸದ ಮೊಳೆ ಜೋಡಿಸುವ ಕಾಲದಲ್ಲಿ ಒತ್ತಕ್ಷರಕ್ಕೂ ಬೇರೆ ಮೊಳೆ ಹುಡುಕಬೇಕಿತ್ತು. ಆದರೂ ಮದುವೆ ಕಾರ್ಡಿನಿಂದ ಚುನಾವಣೆ ಕರಪತ್ರದವರೆಗೆ ಕನ್ನಡದಲ್ಲೇ ಅಚ್ಚಾಯಿತು. ಯೂನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ. ಇವತ್ತು ಅಗ್ಗದ ಮೊಬೈಲಿನಲ್ಲೂ ಕನ್ನಡ ಮೂಡುತ್ತದೆ. ಕನ್ನಡ ಬಾರದಿರುವುದು ಯಂತ್ರಕ್ಕಲ್ಲ, ಟೆಂಡರ್ ಬರೆದವರ ಮನಸ್ಸಿಗೆ.

ಕನ್ನಡ ಎಂದರೆ ಪಂಡಿತರ ಕನ್ನಡವೂ ಅಲ್ಲ. 'ಮಾರ್ಗ ವಿಚಲನೆ', 'ಆರ್ದ್ರ ತ್ಯಾಜ್ಯ' ಎಂದು ಹಾಕಿದರೆ ಆ ಡ್ರೈವರ್ ಮತ್ತೆ ನನ್ನ ಬಳಿಯೇ ಬರುತ್ತಾನೆ. 'ರಸ್ತೆ ಅಗೆದಿದ್ದಾರೆ', 'ಕಸ ಬೆರೆಸಿದ್ದಾರೆ', 'ಬಾಗಿಲು ತೆಗೆಯಲಿಲ್ಲ', 'ಗಾಡಿ ಕೆಟ್ಟಿದೆ'. ಇಷ್ಟು ಸಾಕು. ಓದಲು ಬಾರದವರಿಗೆ ಕನ್ನಡದಲ್ಲೇ ದನಿ, ಜೊತೆಗೆ ಚಿತ್ರ. ಮನೆಯಲ್ಲಿ ತೆಲುಗು, ತಮಿಳು ಆಡುವ ಕಾರ್ಮಿಕರೂ ನಮ್ಮವರೇ. ಬೀದಿಯಲ್ಲಿ ನಮ್ಮೊಡನೆ ಅವರು ಆಡುವುದು ಕನ್ನಡವನ್ನೇ. ಇದು ಅವರ ಹಕ್ಕೂ ಹೌದು.

1963ರ ರಾಜಭಾಷಾ ಕಾಯಿದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿತು. ಆಡಳಿತ ಎಂದರೆ ವಿಧಾನಸೌಧದ ಕಡತ ಮಾತ್ರವೇ? ಕಸದ ಗಾಡಿಯಲ್ಲಿ ನಡೆಯುವುದೂ ಆಡಳಿತವೇ.

2025ರಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಯಿತು. ಐದೂ ಕಡೆ ನಮ್ಮ ಬೇಡಿಕೆ ಒಂದೇ: ಕನ್ನಡದ ಪರದೆ, ಕನ್ನಡದ ದನಿ ಇಲ್ಲದ ಉಪಕರಣವನ್ನು ಕಸದ ಗಾಡಿಗೆ ಕೂರಿಸಬಾರದು, ಡ್ರೈವರನ ಕಾರಣ ಕೇಳದೆ ಕೂಲಿ ಹಿಡಿಯಬಾರದು.

ಯುವಕರೇ, ನಾಳೆ ಬೆಳಿಗ್ಗೆ ಕಸ ಕೊಡಲು ಅಮ್ಮನನ್ನು ಕಳಿಸಬೇಡಿ. ನೀವೇ ಹೋಗಿ. ಬೇರೆ ಮಾಡಿದ ಕಸ ಕೊಟ್ಟು, ಗಾಡಿಯೊಳಗೆ ಒಮ್ಮೆ ಇಣುಕಿ, ಡ್ರೈವರನ್ನು ಮಾತಾಡಿಸಿ. ಆಮೇಲೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಟೆಂಡರಿನ ಪ್ರತಿ ಕೇಳಿ. ಉಪಕರಣದ ಭಾಷೆ ಯಾವುದು ಎಂದು ಅದರಲ್ಲಿ ಎಲ್ಲಿ ಬರೆದಿದೆ, ತೋರಿಸಲಿ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.