ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವವರಿಗೂ ಒಂದು ಶಾಲು

ಶಾಲೆಯಲ್ಲಿ ಸನ್ಮಾನ ಅಂದರೆ ಮೇಷ್ಟ್ರಿಗೆ, ಟೀಚರಮ್ಮನಿಗೆ, ಹೆಚ್ಚು ಅಂಕ ತೆಗೆದ ಮಕ್ಕಳಿಗೆ. ತಪ್ಪೇನಿಲ್ಲ. ತಮಿಳುನಾಡು ಸರ್ಕಾರ ಒಳ್ಳೆಯ ಶಿಕ್ಷಕರಿಗೆ ರಾಧಾಕೃಷ್ಣನ್ ಹೆಸರಿನ ಪ್ರಶಸ್ತಿಯನ್ನೂ, ಸಾರ್ವಜನಿಕ ಗ್ರಂಥಾಲಯಗಳ ಉತ್ತಮ ಗ್ರಂಥಪಾಲಕರಿಗೆ ಎಸ್.ಆರ್. ರಂಗನಾಥನ್ ಹೆಸರಿನ ಪ್ರಶಸ್ತಿಯನ್ನೂ ಕೊಡುತ್ತಾ ಬಂದಿದೆ. ಆದರೆ ಶಾಲೆಯ ಗ್ರಂಥಾಲಯದಲ್ಲಿ ಕಂಪ್ಯೂಟರ್ ಕೆಲಸ ನಿಲ್ಲದಂತೆ ನೋಡಿಕೊಳ್ಳುವವರ ನೆನಪು ಯಾರಿಗೆ ಬರುತ್ತದೆ?

ಕೆಲವು ಕಡೆ ಈ ಕೆಲಸ ಗ್ರಂಥಪಾಲಕರದೇ, ಕೆಲವು ಕಡೆ ಕಂಪ್ಯೂಟರ್ ಟೀಚರದು, ಇನ್ನು ಕೆಲವು ಕಡೆ ಗುತ್ತಿಗೆಯ ಮೇಲೆ ಬರುವ ಹುಡುಗರದು. ಒಂದೊಂದೇ ಪುಸ್ತಕದ ವಿವರ ಟೈಪ್ ಮಾಡಬೇಕು, ಬಾರ್‌ಕೋಡ್ ಅಂಟಿಸಬೇಕು, ವೈರಸ್ ತೆಗೆಯಬೇಕು, ತಪ್ಪದೆ ಬ್ಯಾಕಪ್ ಇಡಬೇಕು. ಎಲ್ಲ ಸರಿಯಿದ್ದರೆ ಯಾರೂ ಮಾತಾಡಿಸೋದಿಲ್ಲ. ಒಂದು ದಿನ ಕೆಟ್ಟು ನಿಂತರೆ ಎಲ್ಲರೂ ಕೇಳ್ತಾರೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೆ ಇದು ದೂರದ ವಿಷಯವಲ್ಲ. 1956ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಗಡಿ ಸರಿಯಿತು, ಮಾತು ಉಳಿಯಿತು. ನೇಕಾರ ದೇವಾಂಗರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಆದರೆ ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು ಅಥವಾ ಇಂಗ್ಲಿಷಿನಲ್ಲಿ. ಅಂಥ ಮಗುವಿಗೆ ಗ್ರಂಥಾಲಯದ ಒಂದು ಕನ್ನಡ ಪುಸ್ತಕ ದೊಡ್ಡ ಆಸರೆ.

ಆ ಪುಸ್ತಕ ಸಿಗಬೇಕಲ್ಲ? ಕಾರಂತರ 'ಚೋಮನ ದುಡಿ'ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಟೈಪ್ ಮಾಡಿದರೆ, ಹುಡುಕಿದಾಗ ಕಂಪ್ಯೂಟರ್ 'ಇಲ್ಲ' ಅನ್ನುತ್ತದೆ. ಪುಸ್ತಕ ಮಾತ್ರ ಬೀರುವಿನಲ್ಲೇ ಇರುತ್ತದೆ! ಯೂನಿಕೋಡ್ ಕನ್ನಡದಲ್ಲೇ ಹೆಸರು ಸೇರಿಸಿದರೆ ಈ ತೊಂದರೆ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಟ್ಟ ಪಟ್ಟಿಯಿದ್ದರೆ ಅದನ್ನೂ ಬದಲಾಯಿಸಬೇಕು. ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. 2000ದಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ಬಳಕೆಗೆ ಬಂದ 'ಕೋಹಾ' ತಂತ್ರಾಂಶ ಉಚಿತ. ಬೇಕಾದದ್ದು ಕೂತು ಮಾಡುವ ಒಬ್ಬ ಮನುಷ್ಯ.

ರಂಗನಾಥನ್ ಅವರು 1931ರಲ್ಲೇ ಹೇಳಿದ ಸೂತ್ರಗಳ ಸಾರವೂ ಇದೇ: ಪುಸ್ತಕ ತನ್ನ ಓದುಗನನ್ನು ಮುಟ್ಟಬೇಕು, ಓದುಗನ ಸಮಯ ಹಾಳಾಗಬಾರದು. ತಮಿಳುನಾಡಿನ ಶೀಯಾಳಿಯಲ್ಲಿ ಹುಟ್ಟಿದ ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಗಡಿಯ ಎರಡೂ ಕಡೆಯವರಿಗೆ ಸೇರಿದ ಹಿರಿಯರು.

ಅವರ ಜನ್ಮದಿನದ ನೆನಪಿಗೆ ಆಗಸ್ಟ್ 12 ಗ್ರಂಥಪಾಲಕರ ದಿನ. ಅಂದು ಪ್ರತಿ ಶಾಲೆಯೂ ಈ ಕೆಲಸ ಮಾಡುವವರನ್ನು ವೇದಿಕೆಗೆ ಕರೆಯಲಿ. ನಮ್ಮ ಕನ್ನಡ ಸಂಘಗಳೂ ರಾಜ್ಯೋತ್ಸವದ ಸನ್ಮಾನಿತರ ಪಟ್ಟಿಯಲ್ಲಿ ಅಂಥ ಒಬ್ಬರ ಹೆಸರು ಸೇರಿಸಲಿ. ಅವರ ಮನೆಮಾತು ತಮಿಳಾದರೂ ಸರಿ, ಕನ್ನಡ ಪುಸ್ತಕವನ್ನು ಮಗುವಿನ ಕೈಗೆ ಮುಟ್ಟಿಸಿದವರು ನಮ್ಮವರೇ.

ಆದರೆ ಶಾಲು, ಹಾರದಲ್ಲೇ ಮುಗಿಸಬಾರದು. ಸಂಬಳ ತಿಂಗಳು ತಿಂಗಳು ಕೈಸೇರಲಿ. ಹೊಸದನ್ನು ಕಲಿಯಲು ರಜೆ, ತರಬೇತಿ ಸಿಗಲಿ. ಅವರು ಬಿಟ್ಟುಹೋದರೆ ಪಾಸ್‌ವರ್ಡ್ ಸಮೇತ ಎಲ್ಲವೂ ಅವರ ಜೊತೆಗೇ ಹೋಗದಂತೆ ಇನ್ನೊಬ್ಬರನ್ನು ತಯಾರು ಮಾಡಬೇಕು. ಹಾಗೆ ಮಾಡಿದರೆ ಅವರು ಮಾಡಿದ ಕೆಲಸ ಉಳಿಯುತ್ತದೆ. ಅದೇ ಅವರಿಗೆ ಸಲ್ಲುವ ದೊಡ್ಡ ಮರ್ಯಾದೆ.

ಓದುಗ ಪೋಷಕರಲ್ಲಿ ಒಂದು ಮಾತು. ಮುಂದಿನ ಪೋಷಕರ ಸಭೆಗೆ ಹೋದಾಗ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿ ಹಾಗೇ ಬರಬೇಡಿ. ಗ್ರಂಥಾಲಯಕ್ಕೂ ಒಮ್ಮೆ ಹೋಗಿ, ಕಂಪ್ಯೂಟರ್ ಮುಂದೆ ಕೂತವರ ಹೆಸರು ಕೇಳಿ, ಒಂದು ನಮಸ್ಕಾರ ಹೇಳಿ ಬನ್ನಿ.