ಚಲಚ್ಚಿತ್ರವೂ ವಿಜ್ಞಾನಪಾಠವೂ

ಎಳೆಯ ಮಕ್ಕಳಿಗೆ ಚಲಚ್ಚಿತ್ರಗಳ ಮೂಲಕ ವಿಜ್ಞಾನವನ್ನು ಬೋಧಿಸುವುದು ಉಚಿತವೆ ಎಂದು ಗೃಹಸ್ಥರು ಕೇಳುವುದುಂಟು. ಈ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. 1975ನೆಯ ಆಗಸ್ಟಿನಿಂದ ಒಂದು ವರ್ಷಕಾಲ ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಗ್ರಾಮಗಳಿಗೆ ದೂರದರ್ಶನವನ್ನು ಮುಟ್ಟಿಸಿದಾಗ, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬೆಳಗಿನ ವೇಳೆಯು ಶಾಲೆಯ ಮಕ್ಕಳಿಗೆ ಮೀಸಲಾಗಿದ್ದಿತು. ಆಗ ಊರಿಗೊಂದು ಪೆಟ್ಟಿಗೆ. ಈಗಲಾದರೋ, ಪಠ್ಯಪುಸ್ತಕದ ಕ್ಯೂಆರ್ ಗುರುತಿಗೆ ಮೊಬೈಲನ್ನು ಹಿಡಿದರೆ, 2017ರಲ್ಲಿ ಆರಂಭವಾದ ದೀಕ್ಷಾ ಭಂಡಾರದಿಂದ ಪಾಠವು ಅಂಗೈಗೇ ಬರುತ್ತದೆ.

ಇದರಿಂದ ಲಾಭವಿಲ್ಲವೆಂದು ನಾವು ಹೇಳಲಾರೆವು. ಹೃದಯದ ಕವಾಟಗಳು ತೆರೆದು ಮುಚ್ಚುವ ಬಗೆಯನ್ನು ಸೀಮೆಸುಣ್ಣದಿಂದ ಕರಿಹಲಗೆಯ ಮೇಲೆ ಬರೆದು ತಿಳಿಸಲು ನಾವು ಪಟ್ಟ ಪಾಡು ನಮಗೇ ಗೊತ್ತು.

ಆದರೆ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಹೇಳುವರಷ್ಟೆ. ಪರದೆಯ ಮೇಲೆ ಕಂಡದ್ದನ್ನು ಮಗುವು ಪ್ರತ್ಯಕ್ಷವೆಂದು ತಿಳಿಯುತ್ತದೆ. ವಾಸ್ತವದಲ್ಲಿ ಅದು ಪ್ರತ್ಯಕ್ಷದ ವೇಷವನ್ನು ಧರಿಸಿದ ಶಬ್ದವೇ, ಎಂದರೆ ಬೇರೊಬ್ಬನ ಮಾತು. ಸೌರಮಂಡಲದ ಚಿತ್ರವನ್ನೇ ನೋಡಿರಿ. ಗ್ರಹಗಳೆಲ್ಲವೂ ಸೂರ್ಯನ ಮಗ್ಗುಲಲ್ಲಿಯೇ ಸುತ್ತುತ್ತಿರುತ್ತವೆ. ಸೂರ್ಯನು 11 ಸೆಂಟಿಮೀಟರು ಅಡ್ಡಗಲದ ಸಣ್ಣ ಚಕ್ಕೋತದ ಹಣ್ಣಾದರೆ, ಭೂಮಿಯು 1 ಮಿಲಿಮೀಟರಿನ ರಾಗಿಯ ಕಾಳು. ಅದನ್ನು ಸುಮಾರು 12 ಮೀಟರು ದೂರದಲ್ಲಿ ಇಡಬೇಕು. ಹೆಸರುಕಾಳಿನಷ್ಟಿರುವ ನೆಪ್ಚೂನನ್ನು ಇಡಲು 350 ಮೀಟರು ನಡೆಯಬೇಕು! ಅಂಗೈಯಗಲದ ಗಾಜಿನಲ್ಲಿ ಇಷ್ಟು ಅಂತರವು ಹಿಡಿಸದು, ಸರಿ. ಹಿಡಿಸದೆಂದು ಮಗುವಿಗೆ ಹೇಳುವವರಾರು?

ಇನ್ನೊಂದು ದೋಷವು ಇದಕ್ಕಿಂತ ದೊಡ್ಡದು. ನೀರಿರುವ ತಟ್ಟೆಯಲ್ಲಿ ಮೇಣದ ಬತ್ತಿಯನ್ನು ಹಚ್ಚಿ ಗಾಜಿನ ಲೋಟವನ್ನು ಕವುಚಿದರೆ, ದೀಪವು ಆರಿ ನೀರು ಒಳಗೆ ಏರುತ್ತದೆ. ಆಮ್ಲಜನಕವು ತೀರಿದ ಜಾಗವನ್ನು ನೀರು ತುಂಬಿತೆಂದು ಎಷ್ಟೋ ಚಿತ್ರಗಳು ಸಾರುತ್ತವೆ. ಅದು ಸರಿಯಲ್ಲ. ಉರಿದ ಆಮ್ಲಜನಕಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹುಟ್ಟುತ್ತವೆ. ಜ್ವಾಲೆಯಿಂದ ಕಾದು ಹಿಗ್ಗಿದ ಗಾಳಿಯು ದೀಪವಾರಿದ ಮೇಲೆ ತಣಿದು ಕುಗ್ಗುವುದೇ, ಆವಿಯು ನೀರಾಗುವುದೇ ಮುಖ್ಯ ಕಾರಣ. ಹೊರಗಿನ ಗಾಳಿಯ ಒತ್ತಡವು ನೀರನ್ನು ಒಳಕ್ಕೆ ತಳ್ಳುತ್ತದೆ. ಕೈಯಾರೆ ಮಾಡಿದ ಹುಡುಗಿಯು ಒಂದರ ಬದಲು ಮೂರು ಬತ್ತಿಗಳನ್ನು ಹಚ್ಚಿ ನೋಡಿಯಾಳು. ನೀರು ಇನ್ನೂ ಮೇಲೇರುವುದನ್ನು ಕಂಡು, ಅದೇ ಲೋಟದಲ್ಲಿ ಆಮ್ಲಜನಕವು ಹೆಚ್ಚಿತೇ ಎಂದು ಕೇಳಿಯಾಳು. ನೋಡಿ ಕುಳಿತವಳಿಗೆ ಈ ಪ್ರಶ್ನೆಯು ಹುಟ್ಟುವುದೇ ಇಲ್ಲ.

ಆದುದರಿಂದ ಫಲವು ತೋರುವ ಮೊದಲೇ ಚಿತ್ರವನ್ನು ನಿಲ್ಲಿಸಿ, "ಮುಂದೇನಾದೀತು?" ಎಂದು ಕೇಳತಕ್ಕದ್ದು. ಮಗುವು ತಪ್ಪು ಹೇಳಿದರೆ ತಿದ್ದಬಾರದು. ಅದೇ ಸಂಜೆ ಅಡಿಗೆಮನೆಯ ತಟ್ಟೆ ಲೋಟಗಳನ್ನು ಕೊಟ್ಟು, ಬೆಂಕಿಯ ಬಳಿ ದೊಡ್ಡವರೊಬ್ಬರು ನಿಲ್ಲಬೇಕು. ಚಿತ್ರಗಳನ್ನು ಆರಿಸುವಾಗ, ಬೆಂಕಿಕಡ್ಡಿಗಳಿಂದಲೂ ಸೈಕಲ್ಲಿನ ವಾಲ್ವ್ ಟ್ಯೂಬಿನಿಂದಲೂ ಆಟಿಕೆಗಳನ್ನು ಮಾಡಿ ತೋರಿಸುವ ಅರವಿಂದ ಗುಪ್ತರ ಕಿರುಚಿತ್ರಗಳಂಥವು ಮೇಲು. ಅವು ಬೇಗನೆ ಮುಗಿಯುತ್ತವೆ. ಮಗುವು ಕಡ್ಡಿಪೆಟ್ಟಿಗೆಯನ್ನು ಹುಡುಕಲು ಏಳುತ್ತದೆ.