ಬಾಸೆಲಿಗೊಂದು ಸ್ಥಳಪುರಾಣ ಬೇಕು

ಸಿಂಹ ಸಂಕ್ರಮಣದಂದು ಪೆರ್ಡೂರಿನ ಅನಂತಪದ್ಮನಾಭನ ಸನ್ನಿಧಿಗೆ ನವದಂಪತಿಗಳು ಬಂದು ಕದಳೀಫಲವನ್ನು ಒಪ್ಪಿಸಿ ಹೋಗುವ ಪದ್ಧತಿಯನ್ನು ಬಲ್ಲ ವಾಚಕರಿಗೆ, ಆ ದಿನ ದೇವಸ್ಥಾನದ ಎದುರಿನ ಜನಸಂದಣಿಯಲ್ಲಿ ಎಷ್ಟು ಬಗೆಯ ಮಾತುಗಳು ಕಿವಿಗೆ ಬೀಳುವುವೆಂಬುದನ್ನು ವಿವರಿಸಬೇಕಾಗಿಲ್ಲ. ಈ ಸಲ ನನ್ನ ಕಿವಿಗೆ ಬಿದ್ದುದು ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಒಬ್ಬ ಮದುಮಗನ ಮಾತು. ಶನಿವಾರ ಬೆಳಿಗ್ಗೆ ರೈಲು ಹತ್ತಿ ಹೊರಟು, ಭಾನುವಾರ ಸಂಜೆಯೊಳಗೆ ಬಾಸೆಲ್ ನಗರವನ್ನು ಕಾಲ್ನಡಿಗೆಯಲ್ಲಿಯೇ ನೋಡಿ ಬಂದ ವೃತ್ತಾಂತವನ್ನು ಅವನು ಹೆಂಡತಿಯ ಸೋದರಮಾವನಿಗೆ ತುಳುವಿನಲ್ಲಿ ಬಣ್ಣಿಸುತ್ತಿದ್ದನು. ಹಿರಿಯರು ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಬಾಸೆಲ್ ಅಂದರೆ ನಮ್ಮ ಹಂಚಿನ ಮಿಶನಿನವರ ಊರಲ್ಲವಾ?” ಎಂದರು. ಮದುಮಗನು ತುಸು ಯೋಚಿಸಿ, “ಅದು ಬೇರೆ ಇರಬೇಕು, ಮಾವ” ಎಂದನು.

ಅಂದಿನಿಂದ ಆ ಉತ್ತರವು ನನ್ನ ಮನಸ್ಸನ್ನು ಕೊರೆಯುತ್ತಲೇ ಇದೆ. ಮೊದಲಿಗೆ ಬಂದುದು ಸಿಟ್ಟು; ಅದೂ ಆ ಹುಡುಗನ ಮೇಲಲ್ಲ, ಎರಡು ದಿನಗಳಲ್ಲಿ ಒಂದು ಪ್ರಾಚೀನ ನಗರವನ್ನು ನೋಡಿಬಿಡಬಹುದೆಂಬ ಇಂದಿನ ವಿಶ್ವಾಸದ ಮೇಲೆ. ‘ನೋಡಲೇಬೇಕಾದ ಹತ್ತು ಸ್ಥಳಗಳು’ ಎಂಬ ಬಗೆಯ ಯಾದಿಗಳನ್ನು ಕಂಡರೆ ನನಗಾಗದೆಂಬುದನ್ನು, ಹಂಪಿಯ ವಿಷಯವಾಗಿ ಬರೆದಾಗಲೇ, ವಾಚಕರು ಬೇಕಾದಷ್ಟು ಸಹಿಸಿಕೊಂಡಿದ್ದಾರೆ. ಹತ್ತೇ ಏಕೆ, ಹನ್ನೊಂದನೆಯದು ಮಾಡಿದ ಪಾಪವೇನು, ಈ ಶಾಸನವನ್ನು ಹೊರಡಿಸಿದ ಚಕ್ರವರ್ತಿ ಯಾರು ಎಂದು ಕೇಳುವ ಚಪಲವನ್ನು ಈಗಲೂ ತಡೆದುಕೊಳ್ಳಲಾರೆ.

ಆದರೂ ನ್ಯಾಯವಾಗಿ ನುಡಿಯುವುದಾದರೆ, ಅವನ ಯಾದಿ ಕೆಟ್ಟದಾಗಿರಲಿಲ್ಲ. ರೈನ್ ನದಿಯ ದಂಡೆಯ ದಿಣ್ಣೆಯ ಮೇಲೆ ಕೆಂಪು ಮರಳುಗಲ್ಲಿನಿಂದ ಕಟ್ಟಿದ ಮಹಾದೇವಾಲಯ, ಅದರೊಳಗೆ 1536ರಲ್ಲಿ ತೀರಿಕೊಂಡ ಎರಾಸ್ಮಸ್ ಪಂಡಿತನ ಸಮಾಧಿ, ನದಿಯ ನಡುಸೇತುವೆ, ಮಾರುಕಟ್ಟೆಯ ಚೌಕದ ಕೆಂಬಣ್ಣದ ಪುರಭವನ, ಯಂತ್ರವಿಲ್ಲದೆ, ಆಚೀಚೆ ದಡಗಳಿಗೆ ಬಿಗಿದ ಉಕ್ಕಿನ ಹಗ್ಗದ ಆಸರೆಯಿಂದ ಪ್ರವಾಹದ ಬಲದಿಂದಲೇ ದಾಟುವ ದೋಣಿ, ಇವೆಲ್ಲವನ್ನೂ ಅವನು ಕಂಡಿದ್ದನು. 1798ರವರೆಗೂ ಆ ಊರಿನ ಗಡಿಯಾರಗಳು ನೆರೆಯೂರುಗಳ ಗಡಿಯಾರಗಳಿಗಿಂತ ಒಂದು ಗಂಟೆ ಮುಂದಾಗಿ ನಡೆಯುತ್ತಿದ್ದುವೆಂಬ ಕಥೆಯನ್ನೂ ರಸವತ್ತಾಗಿ ಹೇಳಿದನು. ಕೊನೆಗೆ, ಹಳೆಯ ಕೋಟೆಯಲ್ಲಿ ಉಳಿದುಬಂದ ಸ್ಪಾಲೆನ್‌ಟೋರ್ ಎಂಬ ಹೆಬ್ಬಾಗಿಲಿನ ಮುಂದೆ ನಿಂತು ತೆಗೆಸಿಕೊಂಡ ಚಿತ್ರವನ್ನು ಮೊಬೈಲಿನಲ್ಲಿ ಮಾವನಿಗೆ ತೋರಿಸಿದನು. ನನಗೆ ಎದೆ ಧಸಕ್ಕೆಂದುದು ಇಲ್ಲಿಯೇ.

ಬಾಸೆಲನ್ನು ಕಣ್ಣಾರೆ ಕಂಡವನು ನಾನಲ್ಲ. ಆದರೆ ಅದರ ನಕ್ಷೆಯನ್ನು ಮೇಜಿನ ಮೇಲೆ ಹಾಸಿಕೊಂಡು ಎಷ್ಟೋ ಸಂಜೆಗಳಲ್ಲಿ ಬೆರಳಿನಿಂದ ಆ ಬೀದಿಗಳಲ್ಲಿ ಅಲೆದವನು. ಆ ಹೆಬ್ಬಾಗಿಲಿನ ಹೊರಗಿನಿಂದ ಹೊರಡುವ ಬೀದಿಯ ಹೆಸರೇ ಮಿಸಿಯೋನ್‌ಸ್ಟ್ರಾಸ್ಸೆ. ಅದರ 21ನೆಯ ಸಂಖ್ಯೆಯ ಕಟ್ಟಡವೇ ಬಾಸೆಲ್ ಮಿಶನಿನ ಮನೆ. 1815ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದನು; ಕನ್ನಡದ ಪತ್ರಿಕೋದ್ಯಮಕ್ಕೆ ಅದೇ ನಾಂದಿ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಪ್ರಕಟವಾಯಿತು. ಮದುಮಗನು ಮಾತನಾಡುತ್ತಿದ್ದ ತುಳುವಿಗೇ 1886ರಲ್ಲಿ ನಿಘಂಟನ್ನು ಮಾಡಿಕೊಟ್ಟ ಮೆನ್ನರನೂ ಅದೇ ಮಿಶನಿನವನು. ಕಿಟ್ಟೆಲನು ಓದಿದ ಮನೆಯೆಂದು ಇದನ್ನು ತೋರಿಸುವವರಿಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಈಗಿನ ಕಟ್ಟಡ 1860ರದು, ಮೋಗ್ಲಿಂಗ್, ಕಿಟ್ಟೆಲ್ ಇಬ್ಬರೂ ಅದಕ್ಕೆ ಮೊದಲೇ ಆ ಊರನ್ನು ಬಿಟ್ಟು ಕಡಲು ದಾಟಿದ್ದವರು.

ಹಂಚಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ಮುಳಿಹುಲ್ಲಿನ ಮಾಡುಗಳ ಈ ನಾಡಿನಲ್ಲಿ, 1865ರಲ್ಲಿ ಜೆಪ್ಪುವಿನ ನೇತ್ರಾವತೀತೀರದಲ್ಲಿ, ಪ್ಲೆಬ್ಸ್ಟ್ ಎಂಬ ಮಿಶನಿನವನು ಹಂಚಿನ ಕಾರ್ಖಾನೆಯನ್ನು ತೆರೆದನು. ಮತಾಂತರ ಹೊಂದಿ ಕುಲದಿಂದಲೂ ಕುಲವೃತ್ತಿಯಿಂದಲೂ ಹೊರಬಿದ್ದವರಿಗೆ ಜೀವನೋಪಾಯವನ್ನು ಒದಗಿಸುವುದೇ ಇಂಥ ಉದ್ಯೋಗಶಾಲೆಗಳ ಮುಖ್ಯ ಉದ್ದೇಶವಾಗಿತ್ತು. ಹೊಳೆಯ ಜೇಡಿಯನ್ನು ಅಚ್ಚಿಗೊತ್ತಿ, ಒಂದರ ಅಂಚು ಇನ್ನೊಂದರ ಅಂಚನ್ನು ಹಿಡಿದುಕೊಳ್ಳುವಂತೆ ಮಾಡಿದ ಆ ಹಂಚು ನಮ್ಮ ಆಟಿಯ ಮಳೆಯನ್ನು ಜಯಿಸಿತು. ಹೀಗೆ ಕೊಂಡಿಹಾಕಿಕೊಳ್ಳುವ ಹಂಚಿಗೆ 1841ರಲ್ಲಿ ಸ್ವಾಮ್ಯಪತ್ರವನ್ನು ಪಡೆದ ಗಿಲಾರ್ದೋನಿ ಸೋದರರ ಊರಾದ ಆಲ್ಟ್‌ಕಿರ್ಶ್, ಬಾಸೆಲಿಗೆ ನೆರೆಯಲ್ಲಿರುವ ಆಲ್ಸಾಸ್ ಪ್ರಾಂತ್ಯದ್ದು. ಅಲ್ಲಿಂದ ಇಲ್ಲಿಗೆ ಬಂದ ದಾರಿಯನ್ನು ಕುರಿತು ಬರೆಯತೊಡಗಿದರೆ ಈ ಅಂಕಣ ಸಾಲದು. ಸಂಪಾದಕರ ಸಹನೆಯೂ ಸಾಲದು.

ಇಷ್ಟೆಲ್ಲವನ್ನೂ ಬರೆದು, ಎರಡು ದಿನಗಳ ಪಾದಚಾರಿಗೆ ಛೀಮಾರಿ ಹಾಕಿ ಲೇಖನವನ್ನು ಮುಗಿಸುವುದೆಂದು ಕುಳಿತಿದ್ದೆ. ಅಷ್ಟರಲ್ಲಿ ವಾದಿರಾಜರ ತೀರ್ಥಪ್ರಬಂಧವು ಅಡ್ಡಬಂದಿತು. ಈತನು ಯಾವ ವಿಷಯವನ್ನೆತ್ತಿದರೂ ತೀರ್ಥಪ್ರಬಂಧಕ್ಕೇ ಬಂದು ನಿಲ್ಲುವನೆಂದು ಆಕ್ಷೇಪಿಸುವ ವಾಚಕರು ಈ ಭಾಗವನ್ನು ದಾಟಿ ಹೋಗಬಹುದು. ನನಗೆ ಮಾತ್ರ ದಾಟುವುದು ಸಾಧ್ಯವಿಲ್ಲ. ಕುಂಭಾಶಿಯ ಸಮೀಪದ ಹೂವಿನಕೆರೆಯಲ್ಲಿ ಹುಟ್ಟಿ, ಸೋದೆಯ ಪೀಠವನ್ನಲಂಕರಿಸಿ, ಉಡುಪಿಯಲ್ಲಿ ಎರಡು ವರ್ಷಗಳ ಪರ್ಯಾಯಕ್ರಮವನ್ನು ನೆಲೆಗೊಳಿಸಿದ ಆ ಯತಿಗಳು, ದೇಶಸಂಚಾರವನ್ನು ಮಾಡಿ ರಚಿಸಿದ ಈ ಸಂಸ್ಕೃತ ಕಾವ್ಯವು ದಿಕ್ಕಿಗೊಂದರಂತೆ ನಾಲ್ಕು ಪ್ರಬಂಧಗಳಾಗಿ ಹರಡಿಕೊಂಡಿದೆ. ಮೊದಲನೆಯದು ಪಶ್ಚಿಮ ಪ್ರಬಂಧ, ಎಂದರೆ ಅವರ ಸ್ವಂತ ಮನೆಯ ದಿಕ್ಕು. ಕಾಶಿಯಿಂದಲೋ ಬದರಿಯಿಂದಲೋ ಆರಂಭಿಸಿದ್ದರೆ ಕಾವ್ಯದ ಗಾಂಭೀರ್ಯ ಹೆಚ್ಚುತ್ತಿತ್ತೆಂದು ಬೇರೊಬ್ಬ ಕವಿ ಭಾವಿಸುತ್ತಿದ್ದನೇನೋ. ವಾದಿರಾಜರಾದರೋ ಮೊದಲು ತಮ್ಮ ಕಡಲ ಕರೆಯ ಕ್ಷೇತ್ರಗಳಿಗೂ ಹೊಳೆಗಳಿಗೂ ಕೈಮುಗಿದು ಆಮೇಲೆ ದೂರದ ದಾರಿಯನ್ನು ಹಿಡಿಯುತ್ತಾರೆ.

ನಾನು ಈ ಸಲ ಆ ಗ್ರಂಥವನ್ನು ತೆರೆದುದು, ಹಿಂದಿನವರು ಒಂದೊಂದು ಸ್ಥಳದಲ್ಲಿಯೂ ಎಷ್ಟು ಸಾವಧಾನವಾಗಿ ನಿಲ್ಲುತ್ತಿದ್ದರೆಂಬುದಕ್ಕೆ ಸಾಕ್ಷ್ಯವನ್ನು ಹುಡುಕುವುದಕ್ಕಾಗಿ. ದೊರೆತುದು ಅದಕ್ಕೆ ವಿರುದ್ಧವಾದ ಸಾಕ್ಷ್ಯ. ಎಷ್ಟೋ ಕ್ಷೇತ್ರಗಳಿಗೆ ಅಲ್ಲಿ ಒಂದೇ ಶ್ಲೋಕ, ಹೆಚ್ಚೆಂದರೆ ಎರಡು. ಆದರೂ ಆ ಒಂದು ಶ್ಲೋಕದೊಳಗೆ ದೇವರ ಹೆಸರು, ಸ್ಥಳದ ಪುರಾಣ, ಶ್ಲೇಷೆಯ ಚಮತ್ಕಾರ, ಕವಿಯ ಪ್ರಾರ್ಥನೆ ಎಲ್ಲವೂ ಅಡಗಿವೆ. ಇದು ಹೇಗೆ ಸಾಧ್ಯವಾಯಿತು? ಯತಿಗಳು ಅಲ್ಲಿಗೆ ಹೊಸಬರಾಗಿ ಹೋಗಲಿಲ್ಲ. ಆ ಊರಿನ ಕಥೆಯನ್ನು ಬಾಲ್ಯದಿಂದಲೇ ಕೇಳಿ, ಆ ನದಿಯ ಹೆಸರನ್ನು ಸ್ನಾನಕಾಲದ ಸಂಕಲ್ಪದಲ್ಲಿ ಉಚ್ಚರಿಸಿ, ಮನಸ್ಸಿನಲ್ಲಿ ಮೊದಲೇ ಪರಿಚಯ ಮಾಡಿಕೊಂಡವರಿಗೆ ದರ್ಶನವೆಂಬುದು ಪ್ರತ್ಯಭಿಜ್ಞೆ. ಅದಕ್ಕೆ ಒಂದು ಮುಹೂರ್ತವೂ ಸಾಕು.

ಹಾಗಾದರೆ ಎರಡು ದಿನಗಳು ಸಾಲವೆಂಬ ನನ್ನ ವಾದಕ್ಕೆ ಬುಡವೇ ಇಲ್ಲ. ಕಾಲದ ಪ್ರಶ್ನೆ ಇದಲ್ಲ, ಯಾದಿಯ ಪ್ರಶ್ನೆಯೂ ಅಲ್ಲ. ಆ ಹುಡುಗನು ಬಾಸೆಲಿನ ಸ್ಥಳಪುರಾಣವನ್ನು ತಿಳಿಯದೆ ಬಂದವನೂ ಅಲ್ಲ. ಮುಂದೋಡುವ ಗಡಿಯಾರದ ಕಥೆಯನ್ನು ಆ ಊರು ತನ್ನ ಅತಿಥಿಗೆ ಹೇಳಿ ಕಳುಹಿಸಿತು. ಅದು ಬಾಸೆಲಿನವರು ತಮಗಾಗಿ ಕಟ್ಟಿಕೊಂಡ ಪುರಾಣ. ಮಂಗಳೂರಿನಿಂದ, ಮಲ್ಪೆಯಿಂದ, ಪೆರ್ಡೂರಿನಿಂದ ಹೋಗುವವನಿಗೆ ಬೇಕಾದ ಪುರಾಣವನ್ನು ಬಾಸೆಲಿನವರು ಹೇಳಲಾರರು; ನಾವು ಹೇಳಬೇಕಾಗಿತ್ತು. ಯಾರು ಹೇಳಿದರು?

ಶಾಲೆಯ ಪುಸ್ತಕದಲ್ಲಿ ಕಿಟ್ಟೆಲನ ಹೆಸರು ಬರುವುದುಂಟು. ಅವನು ನಡೆದ ಬೀದಿ ಬರುವುದಿಲ್ಲ. ದೊಡ್ಡವರ ಸಭೆಗಳಲ್ಲಾದರೋ ಮಿಶನ್ ಎಂದೊಡನೆ ಎರಡು ಪಕ್ಷ: ಒಂದಕ್ಕೆ ಅವರು ಕನ್ನಡಕ್ಕಾಗಿಯೇ ಅವತರಿಸಿದ ಪುಣ್ಯಪುರುಷರು, ಇನ್ನೊಂದಕ್ಕೆ ಕೇವಲ ಸಂಚುಗಾರರು. ಅವರು ಬಂದುದು ಮತಪ್ರಚಾರಕ್ಕೆ. ಅದನ್ನು ಅವರೇ ಎಂದೂ ಬಚ್ಚಿಟ್ಟವರಲ್ಲ. ಆ ಕಾರ್ಯಕ್ಕಾಗಿ ಭಾಷೆಯನ್ನು ಕಲಿಯತೊಡಗಿ, ಕಲಿಯುತ್ತ ಕಲಿಯುತ್ತ ಅದರ ಪಾಂಡಿತ್ಯದಲ್ಲಿಯೇ ಮುಳುಗಿಹೋದವರು ಅವರಲ್ಲಿ ಕೆಲವರು. 1914ರ ಯುದ್ಧವು ಬಂದಾಗ ಬ್ರಿಟಿಷ್ ಸರಕಾರವು ಜರ್ಮನರನ್ನು ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಆರಂಭಿಸಿದ ಮಿಶನ್ ಆಸ್ಪತ್ರೆಯಾದರೋ ಇಂದಿಗೂ ನಡೆಯುತ್ತಿದೆ. ಸ್ತುತಿ ನಿಂದೆಗಳೆರಡಕ್ಕೂ ಮೀರಿದ ಈ ವೃತ್ತಾಂತವನ್ನು, ನಡೆಯುವವನ ಕೈಗೆ ಕೊಡಬಹುದಾದ ರೂಪದಲ್ಲಿ, ಕನ್ನಡದಲ್ಲಿ ನಾವಿನ್ನೂ ಅಣಿಮಾಡಿಕೊಂಡಿಲ್ಲ.

ಆದುದರಿಂದ ನನ್ನ ಕೋರಿಕೆ ಇಷ್ಟು. ಜೇಬಿನಲ್ಲಿ ಹಿಡಿಯುವಂಥ ಒಂದು ಪುಸ್ತಿಕೆಯನ್ನು ಯಾರಾದರೂ ಬರೆಯಲಿ. ತೀರ್ಥಪ್ರಬಂಧದ ಮರ್ಯಾದೆಯಂತೆ ಅದು ಮನೆಯ ದಿಕ್ಕಿನಿಂದಲೇ ಆರಂಭವಾಗಲಿ: ಉಡುಪಿಯ ಮಿಶನ್ ಆಸ್ಪತ್ರೆ, ಮಂಗಳೂರಿನ ಬಲ್ಮಠ, ಜೆಪ್ಪು. ಆಮೇಲೆ ಬಾಸೆಲಿನ ಮಾರುಕಟ್ಟೆಯ ಚೌಕದಿಂದ ಸ್ಪಾಲೆನ್‌ಬೆರ್ಗಿನ ಏರನ್ನು ಹತ್ತಿ, ಹೆಬ್ಬಾಗಿಲನ್ನು ದಾಟಿ, 21ನೆಯ ಸಂಖ್ಯೆಯ ಮನೆಯವರೆಗೆ ಬರಲಿ. ಈ ಜಿಲ್ಲೆಯ ನೂರಾರು ಹಳೆಯ ಕಾಗದಪತ್ರಗಳನ್ನೂ ಛಾಯಾಚಿತ್ರಗಳನ್ನೂ ಕಾಪಾಡಿಕೊಂಡಿರುವ ಪತ್ರಾಗಾರ ಅಲ್ಲಿಯೇ ಇದೆ. ಯುರೋಪಿನಲ್ಲಿ ಕೆಲಸಮಾಡುತ್ತಿರುವ ನಮ್ಮ ಹುಡುಗರಿಗೆ ಕಾಲಿನಲ್ಲಿ ಕಸುವಿದೆ, ಶನಿವಾರ ಭಾನುವಾರಗಳ ಬಿಡುವಿದೆ. ಇಲ್ಲದ ಒಂದು ಪುಸ್ತಿಕೆಯನ್ನು ಒದಗಿಸತಕ್ಕವರು ಊರಿನಲ್ಲಿರುವ ನಾವೇ. ಬರೆಯಲು ಸಿದ್ಧರಿರುವವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಲಿ. ನಕ್ಷೆಯನ್ನು ನಾನು ಕೊಡುತ್ತೇನೆ.